ಅಪ್ಪಯ್ಯನವರ ಎರಡನೆಯ ಗುಂಡು

ಗಾಳಿಬೀಡಿನ ರೈಟರ್ ಅಪ್ಪಯ್ಯನವರಿಗೆ ಹೊಟ್ಟೆಕಿಚ್ಚು ಎಂದರೇನೆಂದು ಗೊತ್ತಾದದ್ದು ಬಾಯಲ್ಲಿ ಒಂದು ಹಲ್ಲೂ ಉಳಿಯದ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅವರು ಯಾರನ್ನು ಕಂಡೂ ಕರುಬಿದವರಲ್ಲ. ಪಕ್ಕದ ತೋಟದವರು ಹೊಸ ಕಾರು ತಂದರೆ ಅದರ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು ಹಾಕಿ, ಚೆನ್ನಾಗಿದೆ ಎಂದು ಹೇಳಿ ಬರುತ್ತಿದ್ದರು. ತಮ್ಮನ ಕಾಫಿ ಗಿಡಗಳು ಕೊಂಬೆ ಬಾಗುವ ಹಾಗೆ ಕಾಯಿ ಕಟ್ಟಿ, ತಮ್ಮ ತೋಟದವು ಬೋಳಾಗಿ ನಿಂತ ವರ್ಷವೂ ಅವರಿಗೆ ಚೆನ್ನಾಗಿಯೇ ನಿದ್ದೆ ಬಂದಿತ್ತು. ಆದರೆ ಕಥೆ ಹೇಳುವ ವಿಷಯ ಬಂದರೆ ಮಾತು ಬೇರೆ. ಅಲ್ಲಿ ಅವರು ಯಾರಿಗೂ ಒಂದಿಂಚು ಬಿಟ್ಟುಕೊಡುವವರಲ್ಲ.

ರೈಟರ್ ಎಂದರೆ ಪುಸ್ತಕ ಬರೆದವರೇನಲ್ಲ. ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಕೆಲಸ ಹಂಚಿ, ಸಂಜೆ ಕೊಯ್ದ ಕಾಫಿ ಹಣ್ಣನ್ನು ಅಳೆಸಿಕೊಳ್ಳುವ ಕೆಲಸ. ಪಿಕಿಂಗ್ ಕಾಲದಲ್ಲಿ ಈ ಅಳೆಯುವ ಹೊತ್ತಿನಷ್ಟು ಕಷ್ಟದ ಹೊತ್ತು ಇನ್ನೊಂದಿಲ್ಲ. ಹೆಂಗಸರು ಗಂಡಸರು ಚೀಲಗಳ ಜೊತೆ ಸಾಲು ನಿಂತಿರುತ್ತಾರೆ, ಮೈತುಂಬ ಕೆಂಪಿರುವೆ ಕಚ್ಚಿದ ಉರಿ, ನಿನ್ನದು ಮೊದಲೋ ನನ್ನದು ಮೊದಲೋ ಎಂದು ಜಗಳ. ಹೊಸದಾಗಿ ಕೆಲಸಕ್ಕೆ ಸೇರಿದ ಅಪ್ಪಯ್ಯನವರು ಒಂದು ಸಂಜೆ ಈ ಗಲಾಟೆ ತಡೆಯಲಾರದೆ, "ಸುಮ್ಮನಿರ್ತೀರಾ, ಒಂದು ಕಥೆ ಹೇಳ್ತೇನೆ" ಎಂದರು. ಹೇಳಿದ್ದು ಪಾಳುಬಾವಿಗೆ ಚಿರತೆಯ ಜೊತೆಗೇ ಬಿದ್ದ ಬೇಟೆಗಾರನ ಕಥೆ. ಸಾಲು ಗಪ್‌ಚಿಪ್ಪಾಯಿತು. ಮರುದಿನ ಆಳುಗಳು ಅರ್ಧ ಗಂಟೆ ಮೊದಲೇ ಬಂದು ನಿಂತರು.

ಅಂದಿನಿಂದ ಅಪ್ಪಯ್ಯನವರಿಗೆ ಅದೇ ಹುಚ್ಚು. ಮಡಿಕೇರಿಯ ಗ್ರಂಥಾಲಯದಿಂದ ರಟ್ಟು ಕಿತ್ತುಹೋದ ಸಂಕಲನಗಳನ್ನು ತಂದರು, ಗುಜರಿಗೆ ಹೊರಟ ಹಳೆಯ ವಾರಪತ್ರಿಕೆಗಳನ್ನು ಬೇಡಿ ಪಡೆದರು. ಬಿರುಗಾಳಿಯಲ್ಲಿ ದೀಪ ಆರದಂತೆ ಕಾದ ದೀಪಸ್ತಂಭದ ಮುದುಕ, ಹಿಮದಲ್ಲಿ ದಾರಿ ತಪ್ಪಿದ ಅಂಚೆಯವನು, ಹಗ್ಗ ಸವೆಯುತ್ತಿದ್ದಂತೆ ಬಂಡೆಗೆ ಜೋತುಬಿದ್ದ ನಾವಿಕ. ಯಾರೋ ಯಾವುದೋ ದೇಶದಲ್ಲಿ ನೂರಾರು ವರ್ಷಗಳ ಹಿಂದೆ ಬರೆದವು. ಸಮುದ್ರವನ್ನೇ ಕಾಣದ ಗಂಗಮ್ಮ ಎಂಬ ಆಳುಹೆಂಗಸು ದೀಪಸ್ತಂಭದ ಮುದುಕ ಬದುಕಿ ಉಳಿಯಲೆಂದು ದೇವಸ್ಥಾನದಲ್ಲಿ ಕಾಯಿ ಒಡೆಸಿ ಬಂದಿದ್ದರು. ಆ ಕಥೆಗಳಲ್ಲಿ ಇರುವುದಾದರೂ ಏನು? ಒಬ್ಬ ಮನುಷ್ಯ, ಅವನ ಎದುರಿಗೆ ಅವನಿಗಿಂತ ದೊಡ್ಡದಾದ ಏನೋ ಒಂದು, ಬದುಕುತ್ತಾನೋ ಇಲ್ಲವೋ ಎಂಬ ಪ್ರಶ್ನೆ. ಇಷ್ಟೇ. ಈ ಪ್ರಶ್ನೆಗೆ ವಯಸ್ಸಾಗುವುದಿಲ್ಲ. ಬೆನ್ನು ಮುರಿಯುವಷ್ಟು ದುಡಿದವರು ಕೂಡ ಉತ್ತರ ಗೊತ್ತಾಗದೆ ಮನೆಗೆ ಹೋಗಲಾರರು.

ರಿಟೈರಾದ ಮೇಲೆ ಅಪ್ಪಯ್ಯನವರ ಕಥೆಗಳು ಚನ್ನಮಲ್ಲಪ್ಪನವರ ಅಂಗಡಿಯ ಜಗಲಿಗೆ ಬಂದವು. ಚನ್ನಮಲ್ಲಪ್ಪನವರು ಶನಿವಾರಸಂತೆ ಕಡೆಯವರು, ಹಣೆಗೆ ವಿಭೂತಿ ತಪ್ಪಿಸದ ಶಿವಭಕ್ತರು. ಹರೆಯದಲ್ಲಿ ತಲೆಯ ಮೇಲೆ ಸಾಮಾನಿನ ಮೂಟೆ ಹೊತ್ತು ಎಸ್ಟೇಟಿನ ಆಳುಗಳ ಲೈನುಮನೆಗಳಿಗೆ ಹೋಗಿ ಮಾರುತ್ತಿದ್ದವರು, ಹಣ್ಣು ಅಳೆಯುವ ಸಾಲಿನ ಪಕ್ಕ ನಿಂತು ಆಗಲೇ ಕಥೆಯ ರುಚಿ ಹತ್ತಿಸಿಕೊಂಡವರು, ಆಮೇಲೆ ಇಲ್ಲೇ ಅಂಗಡಿ ಹಾಕಿ ದಿನಸಿ ಮಾರುತ್ತ, ಕರಿಮೆಣಸು ಕೊಳ್ಳುತ್ತ ನೆಲೆನಿಂತವರು. ಪುಸ್ತಕ ಹಿಡಿದವರಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅಪ್ಪಯ್ಯನವರು ಹೇಳಿದ ಕಥೆಗಳನ್ನೆಲ್ಲ ಬಾಯಿ ತೆರೆದು ಕೇಳಿದವರು. ಅಪ್ಪಯ್ಯನವರಿಗೆ ಅಷ್ಟು ಒಳ್ಳೆಯ ಕೇಳುಗ ಇನ್ನೊಬ್ಬ ಸಿಕ್ಕಿರಲಿಲ್ಲ. ಸಂಜೆಯಾದರೆ ಅದೇ ಬೆಂಚುಗಳಲ್ಲಿ ಜೀಪು ಓಡಿಸುವ ಕಿರಣ್‌ಕುಮಾರ್, ಲೈನಿನಿಂದ ಬಂದ ಗಂಗಮ್ಮ, ಬಸ್ಸಿಗೆ ಕಾಯುವವರು, ಬಸ್ಸು ತಪ್ಪಿಸಿಕೊಂಡವರು ಎಲ್ಲರೂ ಸೇರುತ್ತಿದ್ದರು. ಅಪ್ಪಯ್ಯನವರು ಮೂಲೆಯ ಮರದ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿದರೆ ಸಾಕು, ಮೊಬೈಲುಗಳು ಜೇಬು ಸೇರುತ್ತಿದ್ದವು.

ಹೀಗಿರುವಾಗ ಹಲ್ಲು ಕೈಕೊಟ್ಟವು. ಮಡಿಕೇರಿಯ ಡಾಕ್ಟರು ಉಳಿದಿದ್ದನ್ನೆಲ್ಲ ಕಿತ್ತು, ವಸಡು ಮಾಗಲಿ, ಆಮೇಲೆ ಸೆಟ್ಟು ಮಾಡಿಕೊಡುತ್ತೇನೆ ಎಂದರು. ಹಲ್ಲಿಲ್ಲದ ಬಾಯಲ್ಲಿ ಚಿರತೆ ಗರ್ಜಿಸಿದರೆ ಬೆಕ್ಕು ಸೀನಿದ ಹಾಗೆ ಕೇಳುತ್ತಿತ್ತು. ನಗೆಪಾಟಲಾಗುವುದು ಬೇಡವೆಂದು ಅಪ್ಪಯ್ಯನವರು ಗಂಜಿ ಕುಡಿಯುತ್ತ ಮನೆಯಲ್ಲೇ ಕೂತರು.

ಹೊಸ ಹಲ್ಲು ಬಂದ ದಿನ ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ ಅಂಗಡಿಗೆ ಹೋದರು. ದೂರದಿಂದಲೇ ನೋಡಿದರೆ ಜನವೋ ಜನ. ತನ್ನನ್ನೇ ಕಾಯುತ್ತಿದ್ದಾರೆ ಎಂದು ಎದೆ ಉಬ್ಬಿತು. ಹತ್ತಿರ ಹೋಗಿ ನೋಡಿದರೆ ಮರದ ಕುರ್ಚಿಯಲ್ಲಿ ಚನ್ನಮಲ್ಲಪ್ಪನವರು ಕೂತಿದ್ದಾರೆ, ತಕ್ಕಡಿ ಹಿಡಿಯುವ ಕೈಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದಾರೆ.

"ಓಹೋ, ರೈಟ್ರು ಬಂದ್ರು! ಹಲ್ಲು ಜೋರಾಗೈತಲ್ರೀ. ಬನ್ನಿ, ಕೂತ್ಕಳಿ. ಏ ಕಿರಣ, ರೈಟ್ರಿಗೆ ಜಾಗ ಬಿಡ್ಲಾ."

"ಒಂದ್ನಿಮಿಷ ರೈಟ್ರೇ," ಎಂದ ಕಿರಣ್‌ಕುಮಾರ್, ಕಣ್ಣು ಸರಿಸದೆ. "ಚಿರತೆ ಈಗಷ್ಟೇ ಎದ್ದು ನಿಂತಿದೆ."

ಚಿರತೆ! ಅಪ್ಪಯ್ಯನವರಿಗೆ ಮೈಯೆಲ್ಲ ಉರಿದುಹೋಯಿತು. ಪಾಳುಬಾವಿಯ ಚಿರತೆ. ತಾನು ಸಾಕಿ ಬೆಳೆಸಿದ ಚಿರತೆ. ಇವನು ಅದನ್ನು ಎಲ್ಲಿಗೋ ಒಯ್ದು ಏನೇನೋ ಮಾಡಿದ್ದ. ಬಾವಿ ಈಗ ಗಾಳಿಬೀಡಿನದೇ ಆಗಿತ್ತು, ಬಿದ್ದವನು ಚನ್ನಮಲ್ಲಪ್ಪನ ಸೋದರಮಾವನೇ ಆಗಿದ್ದ. ಮೂಲ ಕಥೆಯಲ್ಲಿ ಬೇಟೆಗಾರ ಧೀರನಂತೆ ಚಾಕು ಹಿಡಿದು ನಿಲ್ಲುತ್ತಾನೆ. ಇಲ್ಲಿ ಸೋದರಮಾವ ಹೆದರಿ ಅತ್ತು, ಚಿರತೆಯೂ ಹೆದರಿ ಮೂಲೆ ಸೇರಿ, ಕೊನೆಗೆ ಇಬ್ಬರೂ ಒಟ್ಟಿಗೆ ತಲೆಯೆತ್ತಿ ಬಾವಿಯ ಬಾಯಿ ನೋಡುತ್ತಾರೆ. ಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಪ್ಪಯ್ಯನವರು ಹೇಳಿದಾಗ ಆ ಕಥೆಗೆ ಯಾರೂ ಅತ್ತಿರಲಿಲ್ಲ.

"ಪುಸ್ತಕದಲ್ಲಿ ಹಾಗಿಲ್ಲ ಸಾವ್ಕಾರ್ರೇ," ಎಂದರು ಅಪ್ಪಯ್ಯನವರು, ಹೊಸ ಹಲ್ಲು ಕಟಕಟಿಸುತ್ತ. "ಅವನ ಕೈಲಿ ಚಾಕು ಇತ್ತು."

"ಇರ್ಲಿ ಬಿಡಿ ರೈಟ್ರೇ, ಪುಸ್ತಕದ ಚಾಕು ಪುಸ್ತಕದಲ್ಲೇ ಇರ್ಲಿ," ಎಂದು ಯಾರೋ ಹೇಳಿದರು. ಎಲ್ಲರೂ ನಕ್ಕರು. ಚನ್ನಮಲ್ಲಪ್ಪನವರು ಮಾತ್ರ ನಗದೆ ಕುರ್ಚಿಯಿಂದ ಎದ್ದು, "ನೀವು ಹೇಳಿ, ನೀವು ಹೇಳಿ" ಎಂದು ಕೈಹಿಡಿದು ಕೂರಿಸಿದರು. ಅಪ್ಪಯ್ಯನವರು ಹಿಮದ ಅಂಚೆಯವನನ್ನು ಶುರುಮಾಡಿದರು. ಅರ್ಧಕ್ಕೆ ಬಂದಾಗ ಬಸ್ಸು ಬಂತು. ಹತ್ತಬೇಕಾದವರು ಹತ್ತಿದರು, ಹತ್ತಬೇಕಿಲ್ಲದ ಒಬ್ಬಿಬ್ಬರು ಕೂಡ ಹತ್ತಿಬಿಟ್ಟರು.

ಆ ಮೇಲಿನ ದಿನಗಳು ಹೇಗಿದ್ದವು ಎನ್ನುವುದನ್ನು ಅವರ ಹೆಂಡತಿ ಬೊಳ್ಳಮ್ಮನವರನ್ನು ಕೇಳಬೇಕು. ಅನ್ನ ಕಲಸುವಾಗಲೂ ಚನ್ನಮಲ್ಲಪ್ಪ, ಕಾಫಿ ಆರಿಸುವಾಗಲೂ ಚನ್ನಮಲ್ಲಪ್ಪ. ಕಳ್ಳ ಎಂದರು, ಕಥೆಗೆ ಕಲಬೆರಕೆ ಮಾಡುವವನು ಎಂದರು, ದಿನಸಿ ಅಂಗಡಿಯವನ ಬುದ್ಧಿ ಎಂದರು. ಎಲ್ಲಕ್ಕಿಂತ ಅವರನ್ನು ಸುಟ್ಟದ್ದು ಒಂದೇ ಸಂಗತಿ: ಆ ಮನುಷ್ಯ ಎಲ್ಲವನ್ನೂ ತಾನು ಕಂಡದ್ದು, ತನ್ನವರಿಗೆ ಆದದ್ದು ಎಂದು ಹೇಳುತ್ತಿದ್ದ, ಜನ ಅದನ್ನು ನುಂಗುತ್ತಿದ್ದರು. ಅಪ್ಪಯ್ಯನವರು ಯಾವತ್ತೂ 'ಒಂದು ಪುಸ್ತಕದಲ್ಲಿ ಓದಿದೆ' ಎಂದೇ ಶುರುಮಾಡಿದವರು. ತನಗೇ ಆದದ್ದು ಎಂದು ಹೇಳಿಕೊಳ್ಳಲು ಬದುಕಿನಲ್ಲಿ ಏನೂ ಆಗಿರಲಿಲ್ಲ. ಹಾಜರಿ ಹಾಕಿದ್ದು, ಹಣ್ಣು ಅಳೆದದ್ದು. ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆಯ ಕೋವಿ ಇತ್ತು, ಕೈಲ್‌ಮುಹೂರ್ತದ ಹಬ್ಬಕ್ಕೆ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಿದ್ದರು, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ತಪ್ಪುತ್ತಿದ್ದರು. ಅವರ ಸಾಹಸ ಅಷ್ಟೇ.

ಹಾಗಾದರೆ ಒಂದು ಸಾಹಸ ಮಾಡಿಯೇ ಬಿಡೋಣ ಎಂದು ಅವರಿಗೆ ಅನ್ನಿಸಿದ್ದು ಒಂದು ಭಾನುವಾರ. ಮಗ ಅಕ್ಷಿತ್, ಸೊಸೆ ದೀಕ್ಷಿತಾ ಮಡಿಕೇರಿಗೆ ಮದುವೆಯೂಟಕ್ಕೆ ಹೋಗಿದ್ದರು. ಬೊಳ್ಳಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಇಳಿಮಧ್ಯಾಹ್ನದ ಗಾಳಿಗೆ ಗುಡ್ಡದ ಕೆಳಗಿನ ಅಂಗಡಿಯಿಂದ ಜನ ನಗುವುದು ಕೇಳಿಸಿತು. ಆ ನಗು ಕೇಳಿ ಅಪ್ಪಯ್ಯನವರಿಗೆ ಕೂರಲಾಗಲಿಲ್ಲ.

ಲೆಕ್ಕಾಚಾರ ಸರಳವಾಗಿತ್ತು. ತೋಟಕ್ಕೆ ಒಂಟಿಸಲಗ ಬಂತು, ಹಲಸಿನ ಮರಕ್ಕೆ ಸೊಂಡಿಲು ಹಾಕಿತು, ತಾನು ಎದುರು ನಿಂತು ಗಾಳಿಯಲ್ಲಿ ಗುಂಡು ಹಾರಿಸಿ ಓಡಿಸಿದೆ. ಆನೆ ಬರುವುದು ಆ ಕಡೆ ಹೊಸತೇನಲ್ಲ, ಹೋದ ವಾರವೇ ಪಕ್ಕದ ತೋಟದಲ್ಲಿ ಲದ್ದಿ ಬಿದ್ದಿತ್ತು. ಗುಂಡಿನ ಸದ್ದು ಅಂಗಡಿಗೆ ಮುಟ್ಟಬೇಕು, ಚನ್ನಮಲ್ಲಪ್ಪನ ಬಾಯಿ ಅರ್ಧಕ್ಕೆ ನಿಲ್ಲಬೇಕು, ಜನ ಏನಾಯಿತು ಏನಾಯಿತು ಎಂದು ಗುಡ್ಡ ಹತ್ತಿ ಓಡಿ ಬರಬೇಕು. ಮಿಕ್ಕಿದ್ದನ್ನು ತನ್ನ ನಾಲಿಗೆ ನೋಡಿಕೊಳ್ಳುತ್ತದೆ. ಅವರು ಎರಡೂ ನಳಿಗೆಗೆ ಕಾಡತೂಸು ತುಂಬಿ, ಮನೆಯೆದುರು ಕಾಫಿ ಒಣಗಿಸುವ ಕಣಕ್ಕೆ ಬಂದು ನಿಂತು, ಆಕಾಶಕ್ಕೆ ಕೋವಿ ಎತ್ತಿ ಒಂದು ನಳಿಗೆಯ ಕುದುರೆ ಎಳೆದರು.

ಢಮ್ ಎಂದ ಸದ್ದು ಇನ್ನೂ ಗುಡ್ಡದಲ್ಲಿ ಉರುಳುತ್ತಿರುವಾಗಲೇ ಬೊಳ್ಳಮ್ಮ ಬೂದಿ ಮೆತ್ತಿದ ಕೈಯಲ್ಲೇ ಓಡಿ ಬಂದರು.

"ಎಂತ ಮಾಡ್ದು ನೀವು? ಒಂದು ಗುಂಡು ಹೊಡ್ದರೆ ಎಂತ ಅರ್ಥ ಗೊತ್ತುಟ್ಟಾ? ಈ ಪ್ರಾಯಲಿ ನಮ್ಗೆ ಗಂಡು ಮಗು ಹುಟ್ಟಿಟೂಂತ ಊರಿಡೀ ನಗಾಡುದು!"

ಅಪ್ಪಯ್ಯನವರ ಮುಖದ ಬಣ್ಣ ಇಳಿಯಿತು. ಈಗ ಆನೆ ಓಡಿಸುವವರೆಲ್ಲ ಪಟಾಕಿ ಹಚ್ಚುತ್ತಾರೆ. ಮನೆಯ ಅಂಗಳದಿಂದ ಕೋವಿಯ ಸದ್ದು ಬಂದರೆ ಊರು ಕಿವಿಗೊಟ್ಟು ಎಣಿಸುತ್ತದೆ. ಒಂದಾದರೆ ಗಂಡು ಮಗು ಹುಟ್ಟಿದೆ ಎಂಬುದು ಆ ಕಡೆಯ ವಾಡಿಕೆ. ಹುಟ್ಟಿದಾಗಿನಿಂದ ಗೊತ್ತಿರುವ ಸಂಗತಿ ಹೊಟ್ಟೆಕಿಚ್ಚಿನ ಭರದಲ್ಲಿ ಮರೆತೇಹೋಗಿತ್ತು. ಎಪ್ಪತ್ತು ದಾಟಿದ ರೈಟರಿಗೆ ಗಂಡು ಮಗು! ಚನ್ನಮಲ್ಲಪ್ಪನ ಬಾಯಿಗೆ ಇದು ಸಿಕ್ಕಿದರೆ ಮುಗಿದೇಹೋಯಿತು. ಆ ಬೆಂಚುಗಳ ಮೇಲೆ ಜನ ಹೊಟ್ಟೆ ಹಿಡಿದು ನಗುವುದು ಕಣ್ಣಿಗೆ ಕಟ್ಟಿತು. ಒಂದಾದರೆ ತಾನೇ ಈ ಅರ್ಥ, ಒಂದಾಗಿ ಉಳಿಯದಿದ್ದರೆ ಆಯಿತಲ್ಲ ಎಂದು ಹಿಂದೆ ಮುಂದೆ ನೋಡದೆ ಇನ್ನೊಂದು ಕುದುರೆಯನ್ನೂ ಎಳೆದುಬಿಟ್ಟರು.

ಸದ್ದು ಅಡಗಿತು. ಅಂಗಡಿಯ ನಗುವೂ ಅಡಗಿತು. ಬೊಳ್ಳಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು.

"ಈಗ ಎರಡು ಆತ್," ಎಂದರು. "ಸತ್ತದ್ ಯಾರೂಂತ ಹೇಳುದು? ನೀವಾ, ನಾನಾ?"

ಒಂದರ ಹಿಂದೆ ಒಂದು ಎರಡು ಗುಂಡು ಕೇಳಿದರೆ ಆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡಬೇಕು, ಕರೆಯಲು ಯಾರೂ ಬರುವುದಿಲ್ಲ. ಅಪ್ಪಯ್ಯನವರು ಕೋವಿಯನ್ನು ಗೋಡೆಗೆ ಒರಗಿಸಿ ಗೇಟಿನ ಕಡೆ ನೋಡಿದರು. ಆಗಲೇ ಜನ ಗುಡ್ಡ ಹತ್ತುತ್ತಿದ್ದರು, ಎಲ್ಲರಿಗಿಂತ ಮುಂದೆ ಚಪ್ಪಲಿಯಿಲ್ಲದ ಕಾಲಲ್ಲಿ ಚನ್ನಮಲ್ಲಪ್ಪನವರು. ಬೇರೆ ಯಾರೇ ಮುಂದಿದ್ದರೂ ಅಪ್ಪಯ್ಯನವರು ನಿಂತು ತಪ್ಪಾಯಿತು ಎನ್ನುತ್ತಿದ್ದರೋ ಏನೋ. ಅವನನ್ನು ಕಂಡದ್ದೇ ಕಣದ ಪಕ್ಕದ ಕಾಫಿ ಸ್ಟೋರಿನೊಳಗೆ ನುಗ್ಗಿ ಚಿಲಕ ಹಾಕಿಕೊಂಡರು.

ಅಂಗಳ ತುಂಬಿತು. ಒಬ್ಬರು ಚಿತೆಗೆ ಸೌದೆ ಕಡಿಯಲು ಕತ್ತಿ ತಂದಿದ್ದರು. ಕಿರಣ್‌ಕುಮಾರ್ ಬಂದವರು ಕೂರಲೆಂದು ಅಂಗಡಿಯ ಬೆಂಚುಗಳನ್ನೇ ಜೀಪಿಗೆ ಹೇರಿ ತಂದಿದ್ದ. ಬೊಳ್ಳಮ್ಮ ಎದುರಿಗೇ ಜೀವಂತ ಇದ್ದುದರಿಂದ ಹೋದವರು ಯಾರೆಂದು ಕೇಳುವ ಅಗತ್ಯವೂ ಬೀಳಲಿಲ್ಲ. ಆಕೆ ನಾಚಿಕೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರೆ ಬಂದವರು ಅದನ್ನು ದುಃಖವೆಂದು ತಿಳಿದರು. "ಹಾಂಗಲ್ಲ, ಹಾಂಗಲ್ಲ" ಎನ್ನಲು ಹೋದರೆ ಗಂಗಮ್ಮ ತಬ್ಬಿಕೊಂಡು ಅವರ ಮಾತು ಯಾರಿಗೂ ಕೇಳದಷ್ಟು ದೊಡ್ಡದಾಗಿ ಅತ್ತರು.

"ಒಳಗೆ ಹೋಗಿ ನೋಡೋ ಧೈರ್ಯ ನಂಗಿಲ್ಲ," ಎಂದು ಚನ್ನಮಲ್ಲಪ್ಪನವರು ಕಣದ ಅಂಚಿನಲ್ಲಿ ಕೂತರು. ಉಳಿದವರೂ ಅವರ ಸುತ್ತ ನಿಂತರು, ಯಾರಿಗೂ ಮೊದಲು ಒಳಗೆ ಕಾಲಿಡುವ ಮನಸ್ಸಾಗಲಿಲ್ಲ.

ಸ್ಟೋರಿನ ಹಲಗೆಗಳ ಸಂದಿನಿಂದ ಅಪ್ಪಯ್ಯನವರು ಎಲ್ಲ ನೋಡುತ್ತಿದ್ದರು. ಮೊದಲು ಸ್ವಲ್ಪ ಹೆಮ್ಮೆಯೇ ಆಯಿತು. ಇಷ್ಟು ಜನ ಅಂಗಡಿಯಲ್ಲಿ ಯಾವತ್ತೂ ಸೇರಿರಲಿಲ್ಲ. ಆದರೆ ನೋಡುತ್ತಿದ್ದಂತೆ ಜನರೆಲ್ಲ ಚನ್ನಮಲ್ಲಪ್ಪನ ಕಡೆ ಮುಖ ಮಾಡಿ ಕೂತರು. ಆ ಮನುಷ್ಯ ಟವೆಲಿನಿಂದ ಮೂಗೊರೆಸಿಕೊಂಡು ಗಂಟಲು ಸರಿಮಾಡಿದ. ಸಾವು ನನ್ನದು, ಅಂಗಳ ನನ್ನದು, ಇಲ್ಲೂ ಕಥೆ ಇವನದೇ! ಅಪ್ಪಯ್ಯನವರಿಗೆ ಬಾಗಿಲು ಒದ್ದು ಹೊರಬರುವಷ್ಟು ಸಿಟ್ಟು ಬಂತು. ಹೊರಬಂದರೆ ಸತ್ತಿಲ್ಲ ಎಂದು ಗೊತ್ತಾಗುತ್ತದಲ್ಲ ಎಂದು ಹಲ್ಲು ಕಚ್ಚಿ ನಿಂತರು.

"ನೀವೆಲ್ಲ ನನ್ನನ್ನ ಕತೆಗಾರ ಅಂತ ತಿಳ್ಕಂಡಿದೀರ," ಎಂದರು ಚನ್ನಮಲ್ಲಪ್ಪನವರು. "ನಾನೇನು ಕಂಡಿದ್ದೆ? ಬೆಲ್ಲದ ಅಚ್ಚು, ಮೆಣಸಿನ ಮೂಟೆ. ಹೇಳಿದ್ದೆಲ್ಲ ರೈಟ್ರದ್ದು, ಮೇಲಿನ ಸುಳ್ಳು ಮಾತ್ರ ನಂದು. ಇವತ್ತು ಒಂದು ನಿಜದ್ದು ಹೇಳ್ತೀನಿ. ಆಗ ನಾನು ಲೈನಿಗೆ ಸಾಮಾನು ಹೊತ್ಕಂಡು ಹೋಗ್ತಿದ್ದೆ. ಒಂದು ಆಷಾಢದಲ್ಲಿ ಹೊಳೆ ಬಂದು ದಾಟೋ ಮರದ ಪಾಲ ಕೊಚ್ಕಂಡು ಹೋತು. ಈ ಗಂಗಮ್ಮ ಸೌದೆ ತರಕ್ಕೆ ಹೋದೋಳು ನಡುನೀರಲ್ಲಿ ಬಂಡೆ ತಬ್ಕಂಡು ಕೂಗ್ತಾಳೆ. ದಡದಲ್ಲಿ ನಾವೊಂದಷ್ಟು ಜನ ಗಂಡಸ್ರು. ಒಬ್ರಿಗೂ ಇಳಿಯೋ ಎದೆ ಇಲ್ಲ. ಆಗ ರೈಟ್ರು ಬಂದ್ರು."

ಅಪ್ಪಯ್ಯನವರು ಕಣ್ಣನ್ನು ಸಂದಿಗೆ ಇನ್ನೂ ಒತ್ತಿದರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದೇ ಅನ್ನಿಸಿರಲಿಲ್ಲ. ಅದರಲ್ಲಿ ಚಿರತೆಯಿಲ್ಲ, ಹಡಗಿಲ್ಲ. ಅವರಿಗೆ ನೆನಪಿದ್ದದ್ದು ಕೆಂಪು ನೀರು, ಕಳೆದುಹೋದ ಚಪ್ಪಲಿ, ಎಸ್ಟೇಟಿನ ಹಗ್ಗ ಹಾಳು ಮಾಡಿದ್ದಕ್ಕೆ ಮ್ಯಾನೇಜರ್ ಬೈದದ್ದು.

"ಈಜಕ್ಕೆ ಬರಲ್ಲ ಆ ಮನುಷ್ಯಂಗೆ! ಹಗ್ಗದ ಒಂದು ತುದಿ ಸೊಂಟಕ್ಕೆ ಬಿಗಿದ್ರು, ಇನ್ನೊಂದನ್ನ ದಡದ ಸಿಲ್ವರ್ ಮರಕ್ಕೆ. ಯಾವುದೋ ಕತೇಲಿ ಹಡಗಿನೋರು ಹಾಕೋ ಗಂಟು ಅಂತೆ, ಅದನ್ನೇ ಹಾಕಿದ್ರು. ದೀಪಸ್ತಂಭದ ಮುದುಕ ಹೆದರಿದ್ನಾ ಅಂತ ನಂಗೆ ಕೇಳಿದ್ರು, ನಾನು ಇಲ್ಲ ಅಂದೆ, ಇಳಿದೇಬಿಟ್ರು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಹೋಗಿ ಗಂಗಮ್ಮನ ಕೈ ಹಿಡಿದ್ರು. ಎಲ್ಲರೂ ಅವರನ್ನೇ ನೋಡ್ತಾವ್ರೆ. ನಾನು ಯಾಕೋ ಏನೋ, ಹಿಂದೆ ತಿರುಗಿ ಮರ ನೋಡಿದೆ. ಶಿವನೇ! ನನ್ನ ಕಣ್ಣೆದುರಿಗೇ ಆ ಗಂಟು ಮೆಲ್ಲಗೆ ಬಿಚ್ಕಂತಾ ಐತೆ. ಒಂದು ಸುತ್ತು ಹೋತು. ಇನ್ನೊಂದು ಸುತ್ತು ಹೋತು. ಹಗ್ಗದ ತುದಿ ಸರ್ರಂತ ಮರ ಬಿಟ್ಟು ನೀರಿನ ಕಡೆ ಓಡ್ತಾ ಐತೆ..."

ಚನ್ನಮಲ್ಲಪ್ಪನವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

"ಆಮೇಲೆ?" ಎಂದು ಸ್ಟೋರಿನೊಳಗಿಂದ ಒಂದು ದನಿ ಕೇಳಿತು.

ಮುಂದಿನ ಗದ್ದಲವನ್ನು ವಿವರಿಸುವುದು ಬೇಡ. ಕತ್ತಿ ತಂದವರು ಕತ್ತಿ ಬಿಟ್ಟು ಓಡಿದರು, ಇಬ್ಬರು ಬೆಂಚಿನಿಂದ ಹಿಂದಕ್ಕೆ ಬಿದ್ದರು. ಬೊಳ್ಳಮ್ಮ ಬಾಯಿಂದ ಸೆರಗು ತೆಗೆದು, "ಸತ್ತಿತ್ಲೆ, ಯಾರೂ ಸತ್ತಿತ್ಲೆ, ಹೊಟ್ಟೆಕಿಚ್ಚು ಅಷ್ಟೇ!" ಎಂದು ಕೂಗಿ ಹೇಳಿದರು. ಅಪ್ಪಯ್ಯನವರು ಚಿಲಕ ತೆಗೆದು ಹೊರಗೆ ಬಂದು ನಿಂತಿದ್ದರು, ತಲೆಯ ಮೇಲೆಲ್ಲ ಕಾಫಿ ಸಿಪ್ಪೆಯ ಧೂಳು. ನಾಚಿಕೆಪಡಬೇಕೆಂಬುದೂ ಅವರಿಗೆ ನೆನಪಾಗಲಿಲ್ಲ. ಅವರ ಕಣ್ಣು ಚನ್ನಮಲ್ಲಪ್ಪನವರ ಮೇಲೆಯೇ ಇತ್ತು.

"ಗಂಟು ಬಿಚ್ಚಿತ್ತಾ? ಆಮೇಲೆ ಎಂತಾಯ್ತು ಹೇಳಿ ಸಾವ್ಕಾರ್ರೇ!"

ಚನ್ನಮಲ್ಲಪ್ಪನವರು ಕೈಗಳನ್ನು ಟವೆಲಿನಲ್ಲಿ ಸುತ್ತಿಕೊಂಡರು. ಅವರ ಜಾಗದಲ್ಲಿ ಗಂಗಮ್ಮನೇ ಹೇಳಿದರು. "ಆಮೇಲೆ ಇನ್ನೇನು ರೈಟ್ರೇ, ಸಾವ್ಕಾರ್ರು ಬಿದ್ದು ಹಗ್ಗ ಹಿಡ್ಕಂಡ್ರು. ನೀರು ಎಳೀತಾ ಇತ್ತು, ಅವರ ಅಂಗೈ ಚರ್ಮ ಕಿತ್ಕೊಂಡು ಹೋಯ್ತು, ಬಿಡ್ಲಿಲ್ಲ. ನಿಮ್ಮ ಬೆನ್ನು ದಡಕ್ಕಿತ್ತು, ನಾನೊಬ್ಳೇ ಕಂಡಿದ್ದು. ನಾವು ದಡ ಸೇರೋದ್ರೊಳಗೆ ಹಗ್ಗಾನ ಮತ್ತೆ ಮರಕ್ಕೆ ಸುತ್ತಿ ಕೈ ಹಿಂದಕ್ಕೆ ಇಟ್ಕಂಡ್ರು. ಯಾರಿಗೂ ಹೇಳ್ಬಾರ್ದು ಅಂತ ನಂಗೆ ಆಣೆ ಹಾಕ್ಸಿದ್ರು."

ಅಪ್ಪಯ್ಯನವರು ಹತ್ತಿರ ಹೋಗಿ ಆ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ಅಂಗೈಗೆ ಅಡ್ಡಲಾಗಿ ಹಗ್ಗದಗಲದ ನುಣುಪಾದ ಕಲೆ ಇತ್ತು. ಈ ಕೈಯಿಂದ ಎಷ್ಟು ವರ್ಷ ಬೆಲ್ಲ, ಅಕ್ಕಿ, ಬೀಡಿ ಇಸಿದುಕೊಂಡಿದ್ದರೋ.

"ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು. ದನಿ ಒರಟಾಗಿಯೇ ಬಂತು.

"ಹೇಳಿದ್ರೆ ಗಂಟು ಹಾಕಕ್ಕೆ ಬರದ ರೈಟ್ರು ಅಂತ ಲೈನಿನೋರೆಲ್ಲ ನಗ್ತಿದ್ರು," ಎಂದರು ಚನ್ನಮಲ್ಲಪ್ಪನವರು. "ಅದು ನಿಮ್ಮ ಕತೆ. ನೀವೇ ಒಂದಿನ ಹೇಳ್ತೀರ ಅಂತ ಕಾಯ್ತಿದ್ದೆ. ಸತ್ತೋದ್ರಲ್ಲ ಅಂತ ಬಾಯ್ಬಿಟ್ಟೆ. ಹಿಂಗೆ ಎದ್ದು ಬರ್ತೀರ ಅಂತ ಗೊತ್ತಿದ್ರೆ ಹೇಳ್ತಿರ್ಲಿಲ್ಲ."

ಜನ ನಗಲು ಶುರುಮಾಡಿದರು. ಕಿರಣ್‌ಕುಮಾರ್ ಎಲ್ಲರಿಗಿಂತ ಜೋರಾಗಿ ನಕ್ಕ. ಬೊಳ್ಳಮ್ಮ ಬಂದವರಿಗೆಲ್ಲ ಕಾಫಿ ಇಡಲು ಒಳಗೆ ಹೋದರು. ಅಪ್ಪಯ್ಯನವರು ಮಾತ್ರ ಹಿಡಿದ ಕೈ ಬಿಡದೆ ಕಣದ ಅಂಚಿನಲ್ಲಿ ಕೂತುಬಿಟ್ಟರು. ಹೊಟ್ಟೆಕಿ‌ಚ್ಚು ಆರಿರಲಿಲ್ಲ, ಅದು ಮೊದಲಿಗಿಂತ ಆಳಕ್ಕೆ ಇಳಿದಿತ್ತು. ಈ ಮನುಷ್ಯ ತನಗಿಂತ ಚೆನ್ನಾಗಿ ಕಥೆ ಹೇಳುತ್ತಾನೆ ಎಂಬುದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಇಷ್ಟು ಒಳ್ಳೆಯ ಕಥೆಯೊಂದನ್ನು, ಅದೂ ಅವನೇ ನಾಯಕನಾದ ಕಥೆಯನ್ನು, ಇನ್ನೊಬ್ಬನ ಮರ್ಯಾದೆಗಾಗಿ ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದನಲ್ಲ. ತನ್ನಿಂದ ಅದು ಒಂದು ಸಂಜೆಯೂ ಆಗುತ್ತಿರಲಿಲ್ಲ ಎಂದು ಅಪ್ಪಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು.